ಉಡುಪಿ ಪ್ರಾಂತದ ಬಡವರ ಮನೆಗಳು: ಮುಳಿಯ ಮಾಡಿನಿಂದ ಕಾಂಕ್ರೀಟಿನವರೆಗೆ

ಪರಶುರಾಮಸೃಷ್ಟಿಯೆಂದು ಪುರಾಣಪ್ರಸಿದ್ಧವಾದ ತುಳುದೇಶದಲ್ಲಿ ಉಡುಪಿಯು ನೆಲೆಸಿರುವದು. ಅದರ ತೆಂಕಣಕ್ಕೆ ಕಡಲ ಅಂಚಿನಲ್ಲಿ ಕಾಪುವೂ, ಮೂಡಣಕ್ಕೆ ಮುರಕಲ್ಲಿನ ಗುಡ್ಡದ ಮೇಲೆ ಮಣಿಪಾಲವೂ, ಇನ್ನೂ ಒಳಕ್ಕೆ ಘಟ್ಟದ ಮಗ್ಗುಲಲ್ಲಿ ಕಾರ್ಕಳವೂ ಇವೆ. ವರ್ಷವೊಂದಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆಯು ಇಲ್ಲಿ ಸುರಿಯುವದು. ಅದರ ಬಹುಭಾಗವು ಜೂನಿನಿಂದ ಸಪ್ಟೆಂಬರದವರೆಗಿನ ನಾಲ್ಕೇ ತಿಂಗಳಲ್ಲಿ ಬಂದುಬಿಡುವದು. ಬಯಲುಸೀಮೆಯ ಸದ್ಭಕ್ತರಿಗೆ ಈ ಪ್ರಮಾಣವು ಊಹೆಗೆ ಮೀರಿದ್ದಾಗಿ ತೋರಬಹುದು. ಅಲ್ಲಿ ಮನೆಯೆಂದರೆ ಬಿಸಿಲಿಗೆ ಮರೆ; ಇಲ್ಲಿಯಾದರೋ ಮನೆಯೆಂದರೆ ಮೊದಲು ಮಾಡು, ಆಮೇಲೆ ಗೋಡೆ. ಈ ಪ್ರಾಂತದ ಮಠಮಂದಿರಗಳ ಹಾಗೂ ಬಸದಿಗಳ ಚರಿತ್ರೆಯನ್ನು ಬರೆದವರು ಬಹುಜನರಿದ್ದಾರೆ. ಆ ಮಂದಿರಗಳ ಕಲ್ಲು ಹೊತ್ತವರು ರಾತ್ರಿ ಎಲ್ಲಿ ಮಲಗುತ್ತಿದ್ದರೆಂಬದನ್ನು ವಿಚಾರಿಸಿದವರು ವಿರಳ. ಆ ವಿಚಾರವೇ ಪ್ರಕೃತ ಲೇಖನದ ವಿಷಯವಾಗಿರುವದು.

ಕಾರ್ಕಳದ ಗುಡ್ಡದ ಮೇಲೆ ವೀರಪಾಂಡ್ಯ ಭೈರರಸನು ೧೪೩೨ರಲ್ಲಿ ಗೊಮ್ಮಟಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಅದರ ಎದುರಿನ ದಿಣ್ಣೆಯಲ್ಲಿ ೧೫೮೬ರಲ್ಲಿ ಇಮ್ಮಡಿ ಭೈರರಸನ ಕಾಲಕ್ಕೆ ಚತುರ್ಮುಖ ಬಸದಿಯು ಎದ್ದಿತು. ಕರಿಗಲ್ಲಿನ ಆ ಕಂಭಗಳೂ ಹಾಸುಗಲ್ಲಿನ ಮಾಡೂ ನಾಲ್ಕು ಶತಮಾನಗಳ ಮಳೆಯನ್ನು ಉಂಡು ಇಂದಿಗೂ ನಿಂತಿವೆ. ಅದೇ ಕಾಲದ ಒಕ್ಕಲಿನ ಮನೆಯೊಂದಾದರೂ ಉಳಿದಿಲ್ಲ, ಉಳಿಯುವದೂ ಶಕ್ಯವಿದ್ದಿಲ್ಲ. ಮಣ್ಣು, ಹುಲ್ಲು, ಬಿದಿರು, ತೆಂಗಿನ ಗರಿ ಇವುಗಳಿಂದಾದ ಮನೆಯು ಮಣ್ಣಿಗೇ ಮರಳುವದು. ಹೀಗಾಗಿ ಬಡವರ ಮನೆಯ ಸಂಗತಿಯನ್ನು ಶಿಲಾಶಾಸನಗಳಿಂದ ತಿಳಿಯುವದಕ್ಕಿಂತ ಪರದೇಶದಿಂದ ಬಂದ ಪ್ರವಾಸಿಗರ ಬರಹಗಳಿಂದ ತಿಳಿಯುವದೇ ಹೆಚ್ಚು.

ಅಂಥವರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬವನ ಮಾತು ನಮ್ಮ ಭಕ್ತಸಮುದಾಯಕ್ಕೆ ವಿಶೇಷ ಆಸಕ್ತಿಯದಾಗಿದೆ. ೧೬೨೩ರಲ್ಲಿ ಇವನು ಪೋರ್ತುಗೀಜರ ರಾಯಭಾರಿಯ ಸಂಗಡ ಘಟ್ಟವನ್ನೇರಿ, ಇಕ್ಕೇರಿಯಲ್ಲಿ ಆಳುತ್ತಿದ್ದ ಲಿಂಗವಂತ ಅರಸನಾದ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದನು. ದಾರಿಯಲ್ಲಿ ಕಂಡ ಮಣ್ಣಿನ ಮನೆಗಳ ನೆಲವನ್ನು ಗೋಮಯದಿಂದ ಸಾರಿಸಿ ನುಣುಪು ಮಾಡುವ ಬಗೆಯನ್ನು ನೋಡಿ ಅವನು ಬೆರಗಾದನಲ್ಲದೆ, ಹಾಗೆ ಸಾರಿಸಿದ ಮನೆಗೆ ಮಾರಿಬೇನೆಯು ತಟ್ಟದೆಂಬ ಜನರ ನಂಬಿಕೆಯನ್ನೂ ಗುರುತಿಸಿಕೊಂಡು, ತನ್ನ ದೇಶಕ್ಕೆ ಹೋದ ಬಳಿಕ ಇದನ್ನು ಪರೀಕ್ಷಿಸಬೇಕೆಂದು ಬರೆದಿಟ್ಟನು. ಮಾರಿಬೇನೆಯ ಮಾತು ಹಾಗಿರಲಿ. ಒಂದು ಕಾಸಿನ ಖರ್ಚಿಲ್ಲದೆ, ಕೈಗೆ ನಿಲುಕುವ ಪದಾರ್ಥದಿಂದಲೇ, ತಂಪಾದ ಮತ್ತು ಧೂಳಿಲ್ಲದ ನೆಲವನ್ನು ಮಾಡುವ ಜಾಣತನವು ಆ ಪರದೇಶಿಯ ಕಣ್ಣಿಗೆ ಬಿದ್ದಿತೆಂಬದು ಇಲ್ಲಿ ಮುಖ್ಯ. ಕೆಳದಿಯವರ ಆಳಿಕೆಯು ಘಟ್ಟದ ಕೆಳಗೆ ತುಳುನಾಡಿನವರೆಗೂ ಹಬ್ಬಿದ್ದು, ೧೭೬೩ರಲ್ಲಿ ಹೈದರನು ಬಿದನೂರನ್ನು ಹಿಡಿಯುವವರೆಗೆ ನಡೆಯಿತೆಂಬದು ವಾಚಕರಿಗೆ ವಿದಿತವೇ ಇದೆ.

ಇನ್ನು ಮುಳಿಯ ಮನೆಯ ವಿಷಯ. ಗುಡ್ಡದ ಇಳಿಜಾರಿನಲ್ಲಿ ತಾನಾಗಿ ಬೆಳೆಯುವ ಮುಳಿಹುಲ್ಲನ್ನು ಕೊಯ್ದು, ಕಟ್ಟು ಕಟ್ಟಿ, ಬಿದಿರಿನ ಹಂದರದ ಮೇಲೆ ಪದರಪದರವಾಗಿ ಹೊದೆಸುವರು. ಕಡಲ ಬದಿಯ ಕಾಪು, ಮಲ್ಪೆಗಳಲ್ಲಿ ಮುಳಿಯ ಬದಲು ಹೆಣೆದ ತೆಂಗಿನ ಮಡಲು. ಕಾರ್ಕಳದ ತೋಟಗಳ ಬದಿಯಲ್ಲಿ ಅಡಿಕೆಯ ಸೋಗೆ. ಇದನ್ನೆಲ್ಲ ಪತ್ತನಾಜೆಯ ಹೊತ್ತಿಗೆ, ಅಂದರೆ ಬೇಶ ತಿಂಗಳ ಹತ್ತನೆಯ ದಿನದ ಸುಮಾರಿಗೆ, ಮುಗಿಸಬೇಕು. ಅದನ್ನು ಮೀರಿದರೆ ಮಳೆಯು ಯಾರನ್ನೂ ಕಾಯುವದಿಲ್ಲ. ಮಾಡು ಕಡಿದಾಗಿ ಇಳಿಯುತ್ತಿದ್ದಿತು. ಅದರ ಅಂಚು ಗೋಡೆಯಿಂದ ಬಹು ಮುಂದಕ್ಕೆ ಚಾಚಿ, ಮನುಷ್ಯನು ತಲೆ ಬಾಗಿಸಿಯೇ ಒಳಹೋಗಬೇಕಾಗುವಷ್ಟು ತಗ್ಗಿನಲ್ಲಿರುತ್ತಿದ್ದಿತು. ಪಟ್ಟಣಿಗರಿಗೆ ಇದು ದಾರಿದ್ರ್ಯದ ಲಕ್ಷಣವಾಗಿ ಕಂಡಿತು. ವಾಸ್ತವವಾಗಿ ಪಡುವಣ ಗಾಳಿಯೊಡನೆ ಅಡ್ಡಹೊಡೆಯುವ ಮಳೆಯು ಮಣ್ಣಿನ ಗೋಡೆಯನ್ನು ಮುಟ್ಟದಂತೆ ಮಾಡಿದ ಉಪಾಯವದು. ಅಷ್ಟೂ ಸಾಲದೆಂದು ಮಳೆಗಾಲದ ಮೊದಲು ಪಡುಗೋಡೆಗೆ ಮಡಲಿನ ತಟ್ಟಿಯನ್ನು ಕಟ್ಟಿ, ಮಳೆ ಮುಗಿದ ಬಳಿಕ ಬಿಚ್ಚಿ ಒಲೆಗೆ ಹಾಕುವ ವಾಡಿಕೆಯಿತ್ತು. ತಳಪಾದಿಯು ಎತ್ತರ, ಅಂಗಳವು ಇಳಿಜಾರು, ಒಲೆಯ ಹೊಗೆಯು ಹುಲ್ಲಿನ ಮೂಲಕವೇ ಹೊರಟುಹೋಗಿ ಹುಳುಗಳನ್ನು ದೂರವಿಡುವದು. ಒಳಗೆ ಬೇಸಗೆಯಲ್ಲಿಯೂ ತಂಪು.

ಆದರೆ ಇದನ್ನು ಹೊಗಳುವಾಗ ಮರೆಯಬಾರದ ಸಂಗತಿಯೊಂದುಂಟು. ಮುಳಿಯ ಮಾಡು ವರ್ಷಕ್ಕೊಮ್ಮೆ ಹೊಸದಾಗಬೇಕು. ಕಿಡಿಯೊಂದು ಬಿದ್ದರೆ ಗಳಿಗೆಯಲ್ಲಿ ಭಸ್ಮವಾಗುವದು. ನೆರೆ ಬಂದರೆ ಮಣ್ಣುಗೋಡೆಯು ಕುಸಿಯುವದು. ಪರರ ಭೂಮಿಯಲ್ಲಿ ಮೂಲಗೇಣಿ ಚಾಲಗೇಣಿಯ ಒಕ್ಕಲಾಗಿದ್ದವನಿಗೆ, ಅದರಲ್ಲಿಯೂ ಒಕ್ಕಲಿನ ಕೈಕೆಳಗಿನ ಆಳಿಗೆ, ಗಟ್ಟಿಯಾದ ಮನೆಯನ್ನು ಕಟ್ಟುವ ಧೈರ್ಯವಾದರೂ ಎಲ್ಲಿಂದ ಬರಬೇಕು? ನಾಳೆ ಎದ್ದು ಹೋಗೆಂದರೆ ಹೋಗಬೇಕಾದವನು ಹುಲ್ಲಿನ ಮನೆಯನ್ನೇ ಕಟ್ಟುವನು. ಹಳೆಯ ಮನೆಗಳ ಹಸುರುತನವನ್ನು ಕೊಂಡಾಡುವ ಈಗಿನ ಬರಹಗಳಲ್ಲಿ ಈ ಮಾತು ಪ್ರಾಯಃ ಕಾಣಸಿಗುವದಿಲ್ಲ.

ಗೋಡೆಗೆ ಮಣ್ಣನ್ನು ಬಿಟ್ಟರೆ ಮುರಕಲ್ಲು. ಇದು ಈ ನಾಡಿನ ನೆಲವೇ ಸರಿ. ಎಲ್ಲಿ ಅಗೆದರೂ ಸಿಕ್ಕುವದು. ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಟಿಪ್ಪುವಿನ ಪತನಾನಂತರ ಕಂಪನಿ ಸರಕಾರದ ಅಪ್ಪಣೆಯಿಂದ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ೧೮೦೦-೧೮೦೧ರಲ್ಲಿ ಸುತ್ತಿ, ಈ ಕಲ್ಲು ನೆಲದೊಳಗಿರುವಾಗ ಕಬ್ಬಿಣದ ಹತ್ಯಾರದಿಂದ ಸುಲಭವಾಗಿ ಕಡಿಯುವಷ್ಟು ಮೆದುವಾಗಿದ್ದು ಗಾಳಿಗೆ ತೆರೆದ ಮೇಲೆ ಗಟ್ಟಿಯಾಗುವದನ್ನು ಗಮನಿಸಿದನು. ೧೮೦೭ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದಕ್ಕೆ ಲ್ಯಾಟಿನ್ ಭಾಷೆಯ ಇಟ್ಟಿಗೆಯೆಂಬ ಶಬ್ದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲೋಕದ ಭೂಗರ್ಭಶಾಸ್ತ್ರಜ್ಞರೆಲ್ಲರೂ ಇಂದು ಬಳಸುವ ಈ ಪದವು ಪಡುಕರಾವಳಿಯ ಮನೆಗೋಡೆಯಿಂದ ಹುಟ್ಟಿತೆಂಬದು ಸ್ವಾರಸ್ಯವಾಗಿದೆ. ಈ ಕಲ್ಲನ್ನು ಸುಡಬೇಕಾಗಿಲ್ಲ, ದೂರದಿಂದ ತರಬೇಕಾಗಿಲ್ಲ. ನದೀಮುಖದಲ್ಲಿ ಆರಿಸಿದ ಮರುವಾಯಿಯ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವೇ ಗಾರೆಗೂ ಬಣ್ಣಕ್ಕೂ ಒದಗುತ್ತಿದ್ದಿತು.

ಮಾಡಿನ ವಿಷಯದಲ್ಲಿ ದೊಡ್ಡ ಪರಿವರ್ತನೆಯಾದದ್ದು ಹಂಚಿನಿಂದ. ನೆರೆಯ ಮಲಬಾರಿನಲ್ಲಿ ಹಂಚಿನ ಮಾಡೆಂಬದು ದೇವಾಲಯ, ಅರಮನೆಗಳ ಗೌರವಚಿಹ್ನೆಯಾಗಿದ್ದು, ಉಳಿದವರು ಅರಸನ ಅಪ್ಪಣೆಯಿಲ್ಲದೆ ಅದನ್ನು ಹೊದೆಸುವಂತಿದ್ದಿಲ್ಲ. ಇಂಥ ಕಾಲದಲ್ಲಿ ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಎಂಬ ಯಂತ್ರಕುಶಲನು ನೇತ್ರಾವತಿಯ ದಡದ ಜೇಡಿಮಣ್ಣು ಉತ್ತಮವೆಂದು ಕಂಡುಕೊಂಡು ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಮೂರು ವರ್ಷಗಳೊಳಗೆ, ೧೮೬೮ರಲ್ಲಿ, ಆಲ್ಬುಕರ್ಕ್ ಕುಟುಂಬದವರ ಕಾರ್ಖಾನೆಯು ಎದ್ದಿತು. ಮುಂದೆ ಮಲ್ಪೆಯಲ್ಲಿಯೂ ಮಿಶನ್ನಿನ ಹಂಚು ತಯಾರಾಯಿತು. ಒಂದರೊಳಗೊಂದು ಕೊಂಡಿಯಂತೆ ಕೂಡುವ ಈ ಹಂಚಿಗೆ ಗಾರೆ ಬೇಡ, ಮೊಳೆ ಬೇಡ. ಒಡೆದದ್ದನ್ನು ಒಂದೊಂದಾಗಿ ಬದಲಿಸಬಹುದು. ಸಂದುಗಳಿಂದ ಬಿಸಿಗಾಳಿಯು ಮೇಲಕ್ಕೆ ಹೋಗುವದು, ನೀರು ಮಾತ್ರ ಒಳಕ್ಕೆ ಬಾರದು. ನೂರು ಚದರಡಿಯ ಮಾಡಿಗೆ ಸುಮಾರು ೧೫೦ ಹಂಚುಗಳು ಸಾಕು.

ಹಂಚು ವರ್ಷವರ್ಷದ ಹುಲ್ಲಿನ ದುಡಿಮೆಯನ್ನು ತಪ್ಪಿಸಿತು, ಬೆಂಕಿಯ ಭಯವನ್ನು ಕಳೆಯಿತು. ಆದರೆ ಅದಕ್ಕೂ ಬೆಲೆ ತೆರಬೇಕಾಯಿತು. ಭಟ್ಟಿಗಳಿಗೆ ಬೇಕಾದ ಸೌದೆಯು ಘಟ್ಟದ ಕಾಡಿನಿಂದ ನದಿಗಳ ಮೇಲೆ ತೇಲಿ ಬಂದಿತು. ಜೇಡಿಯು ಗದ್ದೆಗಳಿಂದ ಬಂದಿತು. ಹಂಚು ಸಾತ್ವಿಕವಾದ ಪದಾರ್ಥವೆಂದು ಹೇಳುವವರು ಈ ಲೆಕ್ಕವನ್ನೂ ಹಿಡಿಯಬೇಕು. ಅದರ ಪುಣ್ಯವಿರುವದು ಬಾಳಿಕೆಯಲ್ಲಿ: ಒಮ್ಮೆ ಸುಟ್ಟ ಹಂಚು ನೂರು ವರ್ಷ ಬಾಳಿದರೆ ಸೌದೆಯ ಪಾಪವು ನೂರು ಮಳೆಗಾಲಗಳಿಗೆ ಹಂಚಿಹೋಗುವದು.

ಇಪ್ಪತ್ತನೆಯ ಶತಮಾನದಲ್ಲಿ ಹಂಚನ್ನು ಕೊಳ್ಳುವ ಶಕ್ತಿಯು ಬಡವರಿಗೆ ಹೇಗೆ ಬಂದಿತೆಂಬದೂ ವಿಚಾರಾರ್ಹ. ೧೯೨೫ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಇವರು ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಆರಂಭಿಸಿ, ೧೯೨೮ರಲ್ಲಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನು ಮನೆಮನೆಗೆ ಹೋಗಿ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದರು. ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ ಮಣಿಪಾಲದಲ್ಲಿ ನೆಲೆಸಿದ ಆ ಸಂಸ್ಥೆಯು ೨೦೨೦ರ ಎಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಇವೇ ಎರಡು ಬ್ಯಾಂಕುಗಳು ೨೦೦೩ರಿಂದ ಸಂಯುಕ್ತ ರಾಷ್ಟ್ರಗಳ ಪರಿಸರ ಸಂಸ್ಥೆಯ ನೆರವಿನಿಂದ ಕರ್ನಾಟಕ ಕೇರಳಗಳ ಮನೆಗಳಿಗೆ ಸೂರ್ಯದೀಪಕ್ಕಾಗಿ ಹದಿನೆಂಟು ಸಾವಿರಕ್ಕೂ ಮಿಕ್ಕಿ ಸಾಲಗಳನ್ನು ಕೊಟ್ಟವು. ಮನೆಗೆ ಹಣವು ಸಣ್ಣಸಣ್ಣ ಕಂತುಗಳಲ್ಲಿ ಒದಗಿದರೆ ಮಾತ್ರ ಬಡವನ ಕೈಗೆ ಒಳ್ಳೆಯ ವಸ್ತುವು ನಿಲುಕುವದೆಂಬದಕ್ಕೆ ಈ ಪ್ರಾಂತವೇ ಸಾಕ್ಷಿ.

ಎಲ್ಲಕ್ಕೂ ಮಿಗಿಲಾದದ್ದು ೧೯೭೪ರ ಭೂಸುಧಾರಣೆ. ದೇವರಾಜ ಅರಸರ ಮುಖ್ಯಮಂತ್ರಿತ್ವದಲ್ಲಿ ಜಾರಿಗೆ ಬಂದ ಆ ತಿದ್ದುಪಡಿಯಿಂದ ಗೇಣಿಯ ಒಕ್ಕಲು ಭೂಮಿಯ ಒಡೆಯನಾದನು. ಕೃಷಿಯ ಕೂಲಿಕಾರನಿಗೂ ತನ್ನ ಮನೆಯ ನಿವೇಶನದ ಮೇಲೆ ಹಕ್ಕು ದೊರೆಯಿತು. ಆಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದರ ಪರಿಣಾಮವು ಬಲವಾಗಿತ್ತು. ಹಕ್ಕುಪತ್ರವು ಕೈಗೆ ಬಂದ ಮೇಲೆ ಹುಲ್ಲಿನ ಮಾಡು ಹಂಚಿನದಾಯಿತು, ಮಣ್ಣಿನ ಗೋಡೆ ಮುರಕಲ್ಲಿನದಾಯಿತು. ಯಾವ ಎಂಜಿನಿಯರನ ನಕ್ಷೆಗಿಂತಲೂ ಆ ಕಾಗದವೇ ಮನೆಗಳನ್ನು ಗಟ್ಟಿ ಮಾಡಿತೆಂದರೆ ಅತಿಶಯೋಕ್ತಿಯಾಗದು.

ಅದೇ ಕಾಲದ ಜನತಾ ಮನೆಗಳು, ೧೯೮೫ರ ಇಂದಿರಾ ಆವಾಸ್ ಯೋಜನೆ, ರಾಜ್ಯದ ಆಶ್ರಯ ಯೋಜನೆ, ಬಸವಣ್ಣನವರ ಹೆಸರನ್ನು ಹೊತ್ತ ಬಸವ ವಸತಿ ಯೋಜನೆ, ೨೦೧೬ರ ಪ್ರಧಾನಮಂತ್ರಿ ಆವಾಸ್ ಯೋಜನೆ ಹೀಗೆ ಒಂದರ ಹಿಂದೊಂದು ಬಂದವು. ಇಂದಿರಾ ಆವಾಸದ ನಿಯಮಗಳಲ್ಲಿ ಗುತ್ತಿಗೆದಾರನಿಗೆ ಎಡೆಯಿಲ್ಲದಿದ್ದುದೂ, ಹೊಗೆಯಿಲ್ಲದ ಒಲೆ, ಶೌಚಕೂಪಗಳನ್ನು ಮನೆಯ ಅಂಗವೆಂದು ಗಣಿಸಿದ್ದೂ, ಮನೆಯನ್ನು ಹೆಂಡತಿಯ ಹೆಸರಿಗೆ ಮಾಡಿದ್ದೂ ಮೆಚ್ಚತಕ್ಕವು. ೨೦೧೬ರ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಮನೆಗೆ ಕನಿಷ್ಠ ೨೫ ಚದರ ಮೀಟರು ವಿಸ್ತಾರವೂ, ಬಯಲು ಪ್ರದೇಶಕ್ಕೆ ೧.೨೦ ಲಕ್ಷ ರೂಪಾಯಿ ಸಹಾಯವೂ ಗೊತ್ತಾದವು.

ದೋಷವು ಬೇರೆಡೆ ಹೊಕ್ಕಿತು. ೧೯೮೨ರಲ್ಲಿ ಸಿಮೆಂಟಿನ ಮೇಲಿನ ನಿಯಂತ್ರಣವು ಅರ್ಧ ಸಡಿಲಿ ೧೯೮೯ರಲ್ಲಿ ಪೂರ್ಣ ತೆಗೆಯಲ್ಪಟ್ಟ ಬಳಿಕ, ಸಪಾಟಾದ ಕಾಂಕ್ರೀಟಿನ ಛಾವಣಿಯೇ ‘ಪಕ್ಕಾ ಮನೆ’ಯ ಗುರುತಾಯಿತು. ಬಿಜಾಪುರದಲ್ಲಿ ಒಪ್ಪುವ ಸಪಾಟು ಮಾಡು ಕಾಪುವಿನಲ್ಲಿ ಒಪ್ಪುವದೆ? ನಿಂತ ನೀರು ಇಂಗುವದು. ಉಪ್ಪುಗಾಳಿಯು ಒಳಗಿನ ಕಬ್ಬಿಣವನ್ನು ತಿನ್ನುವದು. ಕಬ್ಬಿಣವು ಉಬ್ಬಿ ಕಾಂಕ್ರೀಟು ಉದುರುವದು. ಬೇಸಗೆಯ ರಾತ್ರಿ ಮನೆಯು ಕಾದ ಹೆಂಚಾಗುವದು. ಆದುದರಿಂದಲೇ ಉಡುಪಿಯ ಬೀದಿಗಳಲ್ಲಿ ಕಾಂಕ್ರೀಟಿನ ಛಾವಣಿಯ ಮೇಲೆ ಮತ್ತೆ ಕಬ್ಬಿಣದ ಕಂಭ ನೆಟ್ಟು ತಗಡಿನ ಇಳಿಜಾರು ಮಾಡನ್ನು ಹೊದೆಸಿದ ಮನೆಗಳು ಸಾಲಾಗಿ ಕಾಣುವವು. ಒಂದು ಮನೆಗೆ ಎರಡು ಮಾಡು! ಉಳ್ಳವನು ಎರಡನ್ನೂ ಕಟ್ಟುವನು. ಸರಕಾರದ ಸಹಾಯವನ್ನು ನಂಬಿದವನು ಸೋರುವ ಒಂದರ ಕೆಳಗೆ ಪಾತ್ರೆಯನ್ನಿಡುವನು. ಜಗತ್ತಿನಲ್ಲಿ ಮನುಷ್ಯಕೃತ್ಯದಿಂದ ಹೊರಡುವ ಇಂಗಾಲಾಮ್ಲ ವಾಯುವಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನ ತಯಾರಿಕೆಯಿಂದಲೇ ಬರುವದೆಂಬ ಲೆಕ್ಕವನ್ನು ಇದಕ್ಕೆ ಸೇರಿಸಿದರೆ, ಈ ಮಾಡು ತನ್ನ ಕೆಳಗಿದ್ದವನನ್ನೂ ಸುಡುವದು, ಲೋಕವನ್ನೂ ಕಾಯಿಸುವದು. ಮರಳಿನ ಅಭಾವವು ಬೇರೆ. ೨೦೧೮ರಲ್ಲಿ ಮರಳಿಗಾಗಿ ಉಡುಪಿಯಲ್ಲಿ ಧರಣಿಯೇ ನಡೆಯಿತು.

ಪರ್ಯಾಯಗಳನ್ನು ಹುಡುಕಿದವರಿಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಎ. ಕೆ. ಎನ್. ರೆಡ್ಡಿಯವರಿಂದ ಆರಂಭವಾದ ‘ಅಸ್ತ್ರ’ ಕೇಂದ್ರದಲ್ಲಿ ಕೆ. ಎಸ್. ಜಗದೀಶರೇ ಮೊದಲಾದವರು, ಮಣ್ಣಿಗೆ ಅಲ್ಪ ಸಿಮೆಂಟನ್ನು ಬೆರೆಸಿ ಯಂತ್ರದಿಂದ ಒತ್ತಿ, ಭಟ್ಟಿಯಲ್ಲಿ ಸುಡದೆ ನೀರುಣಿಸಿಯೇ ಗಟ್ಟಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ಸಿದ್ಧಪಡಿಸಿದರು. ಕೇರಳದಲ್ಲಿ ಲಾರಿ ಬೇಕರರು ಛಾವಣಿಯ ಕಾಂಕ್ರೀಟಿನ ಕೆಳಭಾಗದಲ್ಲಿ ಹಳೆಯ ಮಂಗಳೂರು ಹಂಚುಗಳನ್ನು ಹುದುಗಿಸಿ ಸಿಮೆಂಟನ್ನೂ ಕಬ್ಬಿಣವನ್ನೂ ಉಳಿಸುವ ಕ್ರಮವನ್ನು ಬಳಕೆಗೆ ತಂದರು. ೧೯೮೫ರ ನೆರೆಯ ತರುವಾಯ ಕೊಲ್ಲಂನಲ್ಲಿ ಹುಟ್ಟಿದ ನಿರ್ಮಿತಿ ಕೇಂದ್ರದ ಮಾದರಿಯು ದೇಶವ್ಯಾಪಿಯಾಯಿತು. ಮಣಿಪಾಲದಲ್ಲಿಯೂ ಉಡುಪಿ ಜಿಲ್ಲೆಯ ನಿರ್ಮಿತಿ ಕೇಂದ್ರವಿದೆ. ಕೆಲಸಗಾರರಿಗೆ ಅಗ್ಗದ ಕಟ್ಟೋಣದ ವಿದ್ಯೆಯನ್ನು ಕಲಿಸುವದು ಇಂಥ ಕೇಂದ್ರಗಳ ಮೂಲೋದ್ದೇಶ. ಕಾಲಾಂತರದಲ್ಲಿ ಅನೇಕ ಕಡೆ ಸರಕಾರೀ ಕಟ್ಟಡಗಳನ್ನು ಕಟ್ಟಿಕೊಡುವ ಕೆಲಸವೇ ಮುಂದಾಗಿ ಕಲಿಸುವ ಕೆಲಸವು ಹಿಂದಾಯಿತು. ಮುರಕಲ್ಲಿನ ಕೋರೆಗಳಲ್ಲಿ ರಾಶಿ ಬೀಳುವ ಪುಡಿಯೂ, ಕಾಪು ತಾಲೂಕಿನ ಎಲ್ಲೂರಿನಲ್ಲಿ ೨೦೧೦ರಿಂದ ನಡೆದ ಕಲ್ಲಿದ್ದಲ ವಿದ್ಯುತ್ ಸ್ಥಾವರದ ಹಾರುಬೂದಿಯೂ ಒತ್ತಿದ ಇಟ್ಟಿಗೆಗೆ ಒದಗತಕ್ಕ ಪದಾರ್ಥಗಳೇ. ಕಲ್ಲು ತೆಗೆದು ಹಾಗೆಯೇ ಬಿಟ್ಟ ಕೋರೆಗಳು ಮಳೆಗಾಲದಲ್ಲಿ ಮಕ್ಕಳಿಗೂ ದನಗಳಿಗೂ ಮೃತ್ಯುಕೂಪಗಳಾಗುತ್ತಿರುವದನ್ನು ಮಾತ್ರ ಮುರಕಲ್ಲಿನ ಸ್ತುತಿಯಲ್ಲಿ ಮರೆಯಲಾಗದು.

ಇತ್ತೀಚೆಗೆ ಪ್ರಕೃತಿಯು ತಾನೇ ಪರೀಕ್ಷೆಗೆ ನಿಂತಂತಿದೆ. ೨೦೧೯ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ ಉಡುಪಿ ಪಟ್ಟಣವು ಕುಡಿಯುವ ನೀರಿಗಾಗಿ ಕಂಗಾಲಾಯಿತು. ಮರುವರ್ಷ ೨೦೨೦ರ ಸಪ್ಟೆಂಬರ ೧೯-೨೦ರಂದು ಒಂದೇ ಅಹೋರಾತ್ರಿಯಲ್ಲಿ ಮುನ್ನೂರು ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು, ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ೨೦೨೧ರ ಮೇ ತಿಂಗಳ ನಡುವೆ ತೌಕ್ತೆ ಚಂಡಮಾರುತವು ಹಾದುಹೋಗುವಾಗ ಕಾಪು ಮಲ್ಪೆಗಳ ದಂಡೆಯನ್ನು ಕಡಲು ಕೊರೆಯಿತು. ಹಗುರವಾದ ತಗಡಿನ ಮಾಡುಗಳ ದೌರ್ಬಲ್ಯವು ಬಯಲಾಯಿತು. ಬರವೂ ನೆರೆಯೂ ಒಂದೇ ಊರಿಗೆ ಹದಿನೆಂಟು ತಿಂಗಳೊಳಗೆ! ೪೦೦೦ ಮಿಲಿಮೀಟರು ಮಳೆಯ ಊರಿನಲ್ಲಿ ೨೫ ಚದರ ಮೀಟರಿನ ಅತಿ ಚಿಕ್ಕ ಮನೆಯ ಮಾಡಿನ ಮೇಲೂ ವರ್ಷಕ್ಕೆ ಒಂದು ಲಕ್ಷ ಲೀಟರು ನೀರು ಬೀಳುವದು. ಅದನ್ನು ದೋಣಿಯಿಂದ ಹಿಡಿದು ಬಾವಿಯ ಬಳಿ ಇಂಗಿಸಿದರೆ, ರಂಧ್ರಮಯವಾದ ಮುರಕಲ್ಲು ಅದನ್ನು ಬೇಗನೆ ಹೀರುವದು. ಸಪಾಟು ಛಾವಣಿಯಲ್ಲಿ ಶತ್ರುವಾದ ನೀರು ಇಳಿಜಾರಿನಲ್ಲಿ ಮಿತ್ರನಾಗುವದು.

ಮಣಿಪಾಲದಲ್ಲಿ ವಿಜಯನಾಥ ಶೆಣೈ (೧೯೩೪-೨೦೧೭) ಅವರು ನಾಶಕ್ಕೀಡಾದ ಹಳೆಯ ಮನೆಗಳನ್ನು ಬಿಚ್ಚಿ ತಂದು ಪುನಃ ಜೋಡಿಸಿದ ಹಸ್ತಶಿಲ್ಪ ಗ್ರಾಮವಿದೆ. ಕಾಪುವಿನ ಬಳಿಯ ಕುಂಜೂರಿನ ಚೌಕಿಮನೆ, ಕಾರ್ಕಳದ ಬಳಿಯ ಮಿಯಾರಿನ ಮನೆ, ಕುಕನೂರಿನ ಕಮಲಮಹಲು ಇವುಗಳ ನಡುವೆ ವೀರಶೈವ ಜಂಗಮ ಮಠವೊಂದೂ ಅಲ್ಲಿ ನಿಂತಿರುವದರಿಂದ ನಮ್ಮ ಭಕ್ತರು ಅವಶ್ಯವಾಗಿ ನೋಡತಕ್ಕದ್ದು. ಮೊಳೆಯಿಲ್ಲದೆ ಕೂಡಿಸಿದ ಮರದ ಬೆಸುಗೆಯಿದ್ದುದರಿಂದಲೇ ಆ ಮನೆಗಳನ್ನು ಬಿಚ್ಚಲು ಸಾಧ್ಯವಾಯಿತು. ಕಾಂಕ್ರೀಟಿನ ಮನೆಯನ್ನು ಒಡೆಯಬಹುದು, ಬಿಚ್ಚಲಾಗದು.

ಈ ಪ್ರಾಂತದಲ್ಲಿ ಕಟ್ಟಕಡೆಗೆ ಮನೆಯನ್ನು ಕಂಡವರು ಕೊರಗರು. ಅವರು ಸೊಪ್ಪಿನಿಂದ ಕಟ್ಟಿದ ‘ಕೊಪ್ಪ’ಗಳಲ್ಲಿ ವಾಸಿಸುವರೆಂದು ಥರ್ಸ್ಟನ್ನನು ೧೯೦೯ರ ಗ್ರಂಥದಲ್ಲಿ ದಾಖಲಿಸಿದ್ದಾನೆ. ಬಿಳಲು, ಬಿದಿರುಗಳಿಂದ ಬುಟ್ಟಿ ಹೆಣೆಯುವದರಲ್ಲಿ ಇವರಿಗೆ ಸಮರಿಲ್ಲ. ಅವರನ್ನು ಹೀನಾಯವಾಗಿ ನಡೆಯಿಸಿಕೊಳ್ಳುವ ಅಜಲು ಪದ್ಧತಿಯು ೨೦೦೦ನೆಯ ಇಸವಿಯಲ್ಲಿ ಕಾಯಿದೆಯಿಂದ ನಿಷೇಧಿಸಲ್ಪಟ್ಟಿತು. ೨೦೨೩ರ ನವೆಂಬರದಲ್ಲಿ ಆರಂಭವಾದ ಪ್ರಧಾನಮಂತ್ರಿ ಜನಮನ ಯೋಜನೆಯಲ್ಲಿ ಇಂಥ ಬುಡಕಟ್ಟುಗಳ ಮನೆಯೊಂದಕ್ಕೆ ಶೌಚಾಲಯ ಹಾಗೂ ಉದ್ಯೋಗ ಖಾತರಿಯ ಕೂಲಿ ಸಹಿತ ೨.೩೯ ಲಕ್ಷ ರೂಪಾಯಿ ಗೊತ್ತುಪಡಿಸಲಾಯಿತು. ಈ ಮನೆಗಳ ಮೇಲೆ ಯಾವ ಮಾಡು ಬರಬೇಕೆಂಬದು ಸಣ್ಣ ಪ್ರಶ್ನೆಯಲ್ಲ. ಹಂಚಿನ ಮನೆಯನ್ನು ಕೊಟ್ಟರೆ ತಮ್ಮನ್ನು ಹಿಂದಿನ ಕಾಲಕ್ಕೆ ನೂಕುವರೆಂಬ ಸಂಶಯವು ಪೀಳಿಗೆಗಳ ಅವಮಾನವನ್ನುಂಡವರಿಗೆ ಬಂದರೆ ಅದು ಸಹಜವೇ. ಉಳ್ಳವರು ತಾರಸಿಯಲ್ಲಿ ಕುಳಿತು ಇಲ್ಲದವರಿಗೆ ಹಸುರು ಮನೆಯನ್ನು ಬೋಧಿಸುವದು ಶೋಭಿಸದು. ಮೊದಲು ಶಾಲೆ, ಪಂಚಾಯತಿ, ಸಮುದಾಯಭವನಗಳ ಮೇಲೆ ಆ ಮಾಡು ಏರಬೇಕು.

ಹಂಚಿನ ಕಾರ್ಖಾನೆಗಳು ಹಲವು ಮುಚ್ಚಿಹೋಗಿವೆ. ಪಕ್ಕಾಸು ಇಳಿಸಬಲ್ಲ ಬಡಗಿಗಳು ಕಡಿಮೆಯಾಗಿದ್ದಾರೆ. ಆದರೂ ಕೆಡಹಿದ ಹಳೆಯ ಮನೆಗಳ ಹಂಚುಗಳು, ಮಾಡಿದವರ ಹೆಸರಿನ ಮುದ್ರೆ ಅಳಿಯದೆಯೇ, ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ೨೫ ಚದರ ಮೀಟರಿನ ಮನೆಗೆ ಇಳಿಜಾರನ್ನೂ ಮುಂಚಾಚನ್ನೂ ಲೆಕ್ಕಹಿಡಿದು ೪೦ ಚದರ ಮೀಟರು ಮಾಡಿಟ್ಟರೆ ಅಂಥ ಸುಮಾರು ಆರುನೂರೈವತ್ತು ಹಂಚುಗಳು ಬೇಕಾಗುವವು.